ವೈದ್ಯನೂ ನಿರ್ಯಾಪಕನೂ

ಕಳೆದ ಮಾಗಿಯ ಒಂದು ಮಧ್ಯಾಹ್ನ ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿಯೊಬ್ಬನು ಪಾಠ ಮುಗಿದ ಮೇಲೂ ಬೆಂಚು ಬಿಟ್ಟು ಏಳಲಿಲ್ಲ. ಅಂದು ನಾವು ಶ್ರವಣಬೆಳ್ಗೊಳದ ನಿಸಿದಿಗೆಗಳ ಪಾಠವನ್ನು ಓದಿದ್ದೆವು. ಎಲ್ಲರೂ ಹೊರಟುಹೋದ ಮೇಲೆ ಹತ್ತಿರ ಬಂದು, "ಗುರುಗಳೇ, ನಮ್ಮ ಆಯಿ ದಿನಾ ಕೇಳ್ತಾಳ್ರಿ, ಡಾಕ್ಟರ ಏನಂದ್ರು ಅಂತ. ಅಪ್ಪಾಗ ಅವರು ಹೊರಗ ಕರದು ಎಲ್ಲಾ ಹೇಳ್ಯಾರ. ಆಯಿಗೆ ಮಾತ್ರ ಯಾರೂ ಹೇಳಿಲ್ಲ. ನಾ ಏನ ಹೇಳ್ಲಿರಿ?" ಎಂದನು. ಉತ್ತರ ನನಗೆ ಥಟ್ಟನೆ ಹೊಳೆಯಲಿಲ್ಲ. ತಂದೆಯವರನ್ನು ನಾಳೆ ಶಾಲೆಗೆ ಕರೆದುಕೊಂಡು ಬಾ ಎಂದು ಹೇಳಿ ಕಳುಹಿಸಿದೆನು. ಆದರೆ ಪ್ರಶ್ನೆ ನನ್ನೊಡನೆಯೇ ಮನೆಗೆ ಬಂದಿತು. ನಮ್ಮ ಹಿರಿಯರು ಈ ವಿಷಯದಲ್ಲಿ ಏನು ಯೋಚಿಸಿದ್ದರೆಂದು ಹುಡುಕಿದಾಗ ದೊರೆತುದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ವೈದ್ಯನ ಮಾತು. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಆಚಾರ್ಯನು ಶಿಷ್ಯನಿಗೆ ಅಗ್ನಿಸಾಕ್ಷಿಯಾಗಿ ಉಪದೇಶಿಸುವ ನಿಯಮಗಳಿವೆ. ತನ್ನ ಜೀವಕ್ಕೆ ಎರವಾದರೂ ರೋಗಿಗೆ ದ್ರೋಹವೆಣಿಸಬಾರದು. ಪರಿಚಿತನಾದವನೊಡನೆ, ಅನುಮತಿ ಪಡೆದೇ ಮನೆಯನ್ನು ಪ್ರವೇಶಿಸಬೇಕು. ಆ ಮನೆಯ ಗುಟ್ಟನ್ನು ಹೊರಗೆ ಆಡಬಾರದು. ಇವುಗಳ ನಡುವೆ ಇನ್ನೊಂದು ನಿಯಮವುಂಟು: ರೋಗಿಯ ಆಯುಸ್ಸು ಕ್ಷೀಣಿಸಿತೆಂದು ತಿಳಿದರೂ, ಹೇಳಿದರೆ ರೋಗಿಗಾಗಲಿ ಬೇರೆಯವರಿಗಾಗಲಿ ಆಘಾತವಾಗುವುದಾದರೆ, ಅದನ್ನು ಅಲ್ಲಿ ಹೇಳಬಾರದು. ಮರಣಸೂಚಕಗಳಾದ ಅರಿಷ್ಟಗಳನ್ನು ಹನ್ನೆರಡು ಅಧ್ಯಾಯಗಳಲ್ಲಿ ವಿವರಿಸುವ ಇಂದ್ರಿಯಸ್ಥಾನವೂ ಕಡೆಯಲ್ಲಿ ಇದೇ ಎಚ್ಚರಿಕೆಯನ್ನು ಕೊಡುತ್ತದೆ. ಸಾವಿನ ಗುರುತುಗಳನ್ನು ಇಷ್ಟು ಸೂಕ್ಷ್ಮವಾಗಿ ಕಲಿಸಿದ ಗ್ರಂಥವೇ ಅವುಗಳ ಬಗೆಗೆ ಬಾಯಿ ಬಿಡಬೇಡವೆನ್ನುವುದು ಗಮನಾರ್ಹವಾಗಿದೆ.

ಈ ಮೌನಕ್ಕೆ ಕರುಣೆಯೊಂದೇ ಕಾರಣವೆಂದು ಭಾವಿಸಬೇಕಾಗಿಲ್ಲ. ಚರಕನು ರೋಗಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯ ಎಂದು ವಿಂಗಡಿಸಿ, ಅಸಾಧ್ಯವಾದುದಕ್ಕೆ ಕೈಹಾಕಿದ ವೈದ್ಯನು ಧನ, ವಿದ್ಯೆ, ಯಶಸ್ಸುಗಳನ್ನು ಕಳೆದುಕೊಳ್ಳುವನೆಂದು ಸ್ಪಷ್ಟವಾಗಿಯೇ ಹೇಳಿದ್ದಾನೆ. ವ್ಯಾಪಾರಿಯ ಲೆಕ್ಕವೂ ಇದರಲ್ಲಿ ಸ್ವಲ್ಪ ಸೇರಿದೆ ಎಂದರೆ ಆ ಮಹಾನುಭಾವನಿಗೆ ಅಪಚಾರವಾಗಲಾರದು. ಧನಕ್ಕಾಗಿಯೂ ಅಲ್ಲ, ಕಾಮಕ್ಕಾಗಿಯೂ ಅಲ್ಲ, ಭೂತದಯೆಗಾಗಿ ಚಿಕಿತ್ಸೆ ಮಾಡುವವನೇ ಶ್ರೇಷ್ಠನೆಂದು ಅವನೇ ಬೇರೊಂದು ಕಡೆ ಹೇಳಿದ್ದಾನೆ. ಅಂತೂ ರೋಗವು ಅಸಾಧ್ಯವೆಂದು ನಿಶ್ಚಯವಾದೊಡನೆ ವೈದ್ಯನು ಹಿಂದೆ ಸರಿಯುತ್ತಾನೆ. ಅಲ್ಲಿಂದ ಮುಂದೆ ರೋಗಿಯ ಹತ್ತಿರ ಕುಳಿತುಕೊಳ್ಳುವವರು ಯಾರು?

ಈ ಪ್ರಶ್ನೆಗೆ ಕನ್ನಡ ನಾಡಿನ ಜೈನಪರಂಪರೆಯು ಕೊಟ್ಟ ಉತ್ತರವು ವಿಶಿಷ್ಟವಾದುದು. ಅಸಾಧ್ಯರೋಗಿಯ ಬಳಿ ಕುಳಿತುಕೊಳ್ಳುವವನಿಗೆ ಅದು ಒಂದು ಹೆಸರನ್ನೇ ಕೊಟ್ಟಿದೆ: ನಿರ್ಯಾಪಕ. ವೈದ್ಯಶಾಸ್ತ್ರದ 'ಯಾಪ್ಯ'ವೂ ಈ 'ನಿರ್ಯಾಪಕ'ವೂ ಒಂದೇ ಧಾತುವಿನಿಂದ ಹುಟ್ಟಿದ ಶಬ್ದಗಳು. ಗುಣವಾಗದಿದ್ದರೂ ಔಷಧಪಥ್ಯಗಳಿಂದ ನಡೆಸಿಕೊಂಡು ಹೋಗಬಹುದಾದ ರೋಗ ಯಾಪ್ಯ. ಹೊರಟವನನ್ನು ದಾಟಿಸಿ ಕಳುಹಿಸುವವನು ನಿರ್ಯಾಪಕ. ಒಂದೇ ಬೇರಿನ ಎರಡು ಕೊಂಬೆಗಳು ಬಾಳಿನತ್ತ ಒಂದು, ಸಾವಿನತ್ತ ಒಂದು ಚಾಚಿಕೊಂಡಿವೆ.

ಶಿವಕೋಟ್ಯಾಚಾರ್ಯರ ಪ್ರಾಕೃತಗ್ರಂಥವಾದ ಭಗವತೀ ಆರಾಧನೆಯಲ್ಲಿ ನಿರ್ಯಾಪಕರ ವಿವರಗಳಿವೆ. ಸಲ್ಲೇಖನವನ್ನು ಕೈಕೊಂಡ ಕ್ಷಪಕನಿಗೆ ನಲವತ್ತೆಂಟು ಮಂದಿ ಪರಿಚಾರಕ ಮುನಿಗಳಿರಬೇಕೆಂದು ಅದು ವಿಧಿಸುತ್ತದೆ. ಕೆಲವರು ಅವನನ್ನು ಎಬ್ಬಿಸಲು, ಕೂಡಿಸಲು, ಹೊರಳಿಸಲು. ಕೆಲವರು ಧರ್ಮಕಥೆ ಹೇಳಲು. ಕೆಲವರು ಮಲಮೂತ್ರಗಳನ್ನು ತೆಗೆಯಲು. ಕೆಲವರು ಬಾಗಿಲು ಕಾಯಲು. ಕೆಲವರು ರಾತ್ರಿ ಎಚ್ಚರವಿರಲು. ಅಷ್ಟು ಜನ ದೊರೆಯದ ಕಾಲದಲ್ಲಿ ಸಂಖ್ಯೆಯನ್ನು ಇಳಿಸುತ್ತ ಬರಬಹುದು. ಆದರೆ ಇಬ್ಬರಿಗಿಂತ ಕಡಮೆಯಾಗಕೂಡದು. ಒಬ್ಬನೇ ಇದ್ದರೆ ಅವನು ತನ್ನನ್ನಾದರೂ ಕಡೆಗಣಿಸುತ್ತಾನೆ, ಕ್ಷಪಕನನ್ನಾದರೂ ಕಡೆಗಣಿಸುತ್ತಾನೆ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಂಡ ಯಾರಿಗೇ ಆಗಲಿ ಈ ಮಾತಿನ ಸತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಗ್ರಂಥದಲ್ಲಿ 'ಕವಚ'ವೆಂಬ ಒಂದು ಭಾಗವುಂಟು. ವೇದನೆಯಿಂದ ಕ್ಷಪಕನ ಮನಸ್ಸು ಕದಡಿದಾಗ ನಿರ್ಯಾಪಕನು ಅವನಿಗೆ ತೊಡಿಸಬೇಕಾದ ಕವಚ ಯಾವುದೆಂದರೆ, ಇದಕ್ಕಿಂತ ಘೋರವಾದುದನ್ನು ಸಹಿಸಿದ ಮಹಾಪುರುಷರ ಕಥೆ. ಆ ಭಾಗದ ಗಾಹೆಗಳಲ್ಲಿ ಸೂಚಿತರಾದ ಪುರುಷರ ಕಥೆಗಳೇ ನಮ್ಮ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಪ್ರಾಚೀನವಾದ ಈ ಕಥಾಗದ್ಯವನ್ನು ನಾವು ಭಾಷೆಗಾಗಿ ಓದಿಸುತ್ತೇವೆ, ದೇಶ್ಯಶಬ್ದಗಳಿಗಾಗಿ ಓದಿಸುತ್ತೇವೆ, ಪರೀಕ್ಷೆಗಾಗಿಯಂತೂ ಓದಿಸಿಯೇ ಓದಿಸುತ್ತೇವೆ. ಅದರ ಮೂಲವು ಸಾಯುತ್ತಿರುವವನ ತಲೆದೆಸೆಯಲ್ಲಿ ಕುಳಿತು ಹೇಳುವ ಕಥೆಗಳಲ್ಲಿದೆಯೆಂಬುದನ್ನು ಮಕ್ಕಳಿಗೆ ಹೇಳುವುದು ಅಪರೂಪ. ನಾನೂ ಎಷ್ಟೋ ವರ್ಷ ಹೇಳಿರಲಿಲ್ಲ.

ಆ ಕಥೆಗಳಲ್ಲಿ ನಾಲ್ಕನೆಯದು ಸನತ್ಕುಮಾರ ಚಕ್ರವರ್ತಿಯದು. ರೂಪಿನಲ್ಲಿ ಸಾಟಿಯಿಲ್ಲದವನೆನಿಸಿದ್ದ ಆ ಚಕ್ರವರ್ತಿಯು ವೈರಾಗ್ಯ ಹೊಂದಿ ತಪಸ್ಸಿಗೆ ನಿಂತನು. ಅವನ ಮೈಯನ್ನು ಬಹುಕಾಲ ರೋಗಗಳು ಕಾಡಿದವು. ಪರೀಕ್ಷಿಸಲೆಂದು ದೇವಲೋಕದಿಂದ ವೈದ್ಯವೇಷದಲ್ಲಿ ಬಂದು ಚಿಕಿತ್ಸೆ ಮಾಡುವೆವೆಂದಾಗ, ಸಂಸಾರವೆಂಬ ವ್ಯಾಧಿಗೆ ನಿಮ್ಮಲ್ಲಿ ಮದ್ದುಂಟೇ ಎಂದು ಅವನು ಕೇಳುತ್ತಾನೆ. ಕಥೆ ಗಂಭೀರವಾದುದು. ಆದರೂ ಇದನ್ನು ಓದಿಸುವಾಗ ಅಧ್ಯಾಪಕರು ಒಂದು ಎಚ್ಚರ ವಹಿಸಬೇಕೆಂದು ನನ್ನ ಅಭಿಪ್ರಾಯ. ಔಷಧವನ್ನು ನಿರಾಕರಿಸುವುದೇ ಜೈನಧರ್ಮದ ಬೋಧೆಯೆಂದು ಮಕ್ಕಳು ತಿಳಿದುಬಿಡಬಾರದು. ಏಕೆಂದರೆ ಈ ಪರಂಪರೆಯೇ ಕನ್ನಡ ನಾಡಿಗೆ ವೈದ್ಯಗ್ರಂಥಗಳನ್ನೂ ಕೊಟ್ಟಿತು.

ಪೂಜ್ಯಪಾದರೆಂದು ಪ್ರಸಿದ್ಧರಾದ ದೇವನಂದಿ ಆಚಾರ್ಯರು ವ್ಯಾಕರಣದಿಂದ ಮಾತಿನ ಕೊಳೆಯನ್ನೂ, ವೈದ್ಯದಿಂದ ಮೈಯ ಕೊಳೆಯನ್ನೂ, ಅಧ್ಯಾತ್ಮದಿಂದ ಮನಸ್ಸಿನ ಕೊಳೆಯನ್ನೂ ಕಳೆದರೆಂದು ಪರಂಪರೆಯು ಕೊಂಡಾಡುತ್ತದೆ. ಅವರದೆಂದು ಹೇಳುವ ಕಲ್ಯಾಣಕಾರಕವನ್ನು ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡಿಸಿದನು. ಆ ಗ್ರಂಥದ ಚಿಕಿತ್ಸೆಯಲ್ಲಿ ಮದ್ಯ, ಮಾಂಸ, ಮಧುಗಳಿಗೆ ಎಡೆಯಿಲ್ಲ. ಚಾಳುಕ್ಯ ರಾಜಕುಮಾರನಾದ ಕೀರ್ತಿವರ್ಮನ ಗೋವೈದ್ಯ, ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ ಇವೆಲ್ಲ ಇದೇ ಸಾಲಿನವು. ವಿಷವೈದ್ಯದ ಗ್ರಂಥವಾದ ಖಗೇಂದ್ರಮಣಿದರ್ಪಣವನ್ನು ೧೯೪೨ರಲ್ಲಿ ಅಚ್ಚುಮಾಡಿಸಿದುದು ಮದರಾಸು ವಿಶ್ವವಿದ್ಯಾನಿಲಯವೆಂಬುದನ್ನು ಗಡಿಯಾಚೆಯ ಕನ್ನಡಿಗರಾದ ನಾವು ನೆನೆಯಬೇಕು.

ಈ ಕನ್ನಡ ಗ್ರಂಥಕಾರರೆಲ್ಲರಿಗಿಂತ ಹಿಂದಿನವನು ಉಗ್ರಾದಿತ್ಯಾಚಾರ್ಯ. ಅವನ ಸಂಸ್ಕೃತ ಕಲ್ಯಾಣಕಾರಕವು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ೧೯೪೦ರಲ್ಲಿ ನಮ್ಮ ಸೊಲ್ಲಾಪುರದಿಂದಲೇ ಪ್ರಕಟವಾಯಿತು. ಗ್ರಂಥಕ್ಕೆ ಹಿತಾಹಿತಾಧ್ಯಾಯವೆಂಬ ಅನುಬಂಧವೊಂದು ಸೇರಿದೆ. ನೃಪತುಂಗವಲ್ಲಭನ ಸಭೆಯಲ್ಲಿ ಅನೇಕ ವಿದ್ವಾಂಸರ, ವೈದ್ಯರ ಎದುರಿಗೆ ಮಾಂಸವು ಔಷಧವಾಗಲಾರದೆಂದು ತಾನು ಮಾಡಿದ ವಾದವನ್ನು ಅವನು ಅದರಲ್ಲಿ ಬರೆದಿಟ್ಟಿದ್ದಾನೆ. ಈ ನೃಪತುಂಗನು ಕ್ರಿ. ಶ. ೮೧೪ರಿಂದ ೮೭೮ರವರೆಗೆ ಆಳಿದ ರಾಷ್ಟ್ರಕೂಟ ಅಮೋಘವರ್ಷನೆಂದು ವಿದ್ವಾಂಸರು ಗುರುತಿಸಿದ್ದಾರೆ. ಚರಕ ಸುಶ್ರುತಾದಿಗಳು ಬಗೆಬಗೆಯ ಮಾಂಸರಸಗಳನ್ನು ರೋಗಿಗಳಿಗೆ ವಿಧಿಸಿದ್ದರೆಂಬುದನ್ನು ನೆನೆದರೆ ಉಗ್ರಾದಿತ್ಯನ ವಾದದ ಧೈರ್ಯ ತಿಳಿಯುತ್ತದೆ. ಅದು ಬರಿಯ ಪಥ್ಯದ ಚರ್ಚೆಯಲ್ಲ. ಒಂದು ಜೀವವನ್ನು ಉಳಿಸಲು ಇನ್ನೊಂದು ಜೀವವನ್ನು ತೆಗೆಯುವ ಅಧಿಕಾರ ವೈದ್ಯನಿಗುಂಟೇ ಎಂಬ ಪ್ರಶ್ನೆ ಅದರ ಬೆನ್ನಿಗಿದೆ. ಪ್ರಸಂಗವಶಾತ್ ಒಂದು ಮಾತು: ಇದೇ ಅಮೋಘವರ್ಷನು ಲೋಕಕ್ಕೆ ಬಂದ ಉಪದ್ರವವನ್ನು ಕಳೆಯಲೆಂದು ತನ್ನ ಎಡಗೈಯ ಬೆರಳನ್ನೇ ಮಹಾಲಕ್ಷ್ಮಿಗೆ ಕತ್ತರಿಸಿ ಅರ್ಪಿಸಿದನೆಂದು ೮೭೧ರ ಸಂಜಾನ ತಾಮ್ರಶಾಸನವು ಹೇಳುತ್ತದೆ. ಬೇರೊಂದು ಪ್ರಾಣಿಯ ಮೈಯನ್ನು ಬಳಸಬಾರದೆಂಬ ವಾದವನ್ನು ಕೇಳಲು ಇವನಿಗಿಂತ ಅರ್ಹನಾದ ಅರಸನು ದೊರೆಯುವುದು ಕಷ್ಟವಾಗಿತ್ತು.

ಹೀಗೆ ಒಂದು ಕೈಯಲ್ಲಿ ಔಷಧ, ಇನ್ನೊಂದು ಕೈಯಲ್ಲಿ ಸಲ್ಲೇಖನ. ಇವೆರಡರ ನಡುವಣ ಗೆರೆಯನ್ನು ಎಲ್ಲಿ ಎಳೆಯಬೇಕು? ಸಮಂತಭದ್ರಾಚಾರ್ಯರ ರತ್ನಕರಂಡಕದಲ್ಲಿ ಇದರ ಲಕ್ಷಣವಿದೆ. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಈ ನಾಲ್ಕರಲ್ಲಿ ಯಾವುದಾದರೂ ಒದಗಿ, ಅದಕ್ಕೆ ಪ್ರತೀಕಾರವೇ ಇಲ್ಲವೆಂದಾದಾಗ ಮಾತ್ರ, ಧರ್ಮಕ್ಕಾಗಿ ದೇಹವನ್ನು ಬಿಡುವುದು ಸಲ್ಲೇಖನ. ಇಡೀ ಲಕ್ಷಣದ ಭಾರವೆಲ್ಲ 'ನಿಷ್ಪ್ರತೀಕಾರ'ವೆಂಬ ಒಂದೇ ಪದದ ಮೇಲೆ ನಿಂತಿದೆ. ಪ್ರತೀಕಾರವಿರುವವರೆಗೆ ಔಷಧ, ಅದು ಮುಗಿದ ಮೇಲೆ ಸಲ್ಲೇಖನ. ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಒಂದು ದೃಷ್ಟಾಂತವನ್ನು ಕೊಡುತ್ತಾರೆ. ಸರಕು ತುಂಬಿದ ಮನೆಗೆ ಬೆಂಕಿ ಬಿದ್ದಾಗ ವರ್ತಕನು ಮೊದಲು ಮನೆಯನ್ನೇ ಉಳಿಸಲು ಹೆಣಗುತ್ತಾನೆ; ಉಳಿಯುವುದಿಲ್ಲವೆಂದು ಕಂಡಾಗ ಒಳಗಿನ ಸರಕನ್ನಾದರೂ ಉಳಿಸಿಕೊಳ್ಳುತ್ತಾನೆ. ಮನೆಯೆಂದರೆ ದೇಹ, ಸರಕೆಂದರೆ ವ್ರತಶೀಲಗಳು. ಬೆಂಕಿಯನ್ನು ಹಚ್ಚಿದವನು ವರ್ತಕನಲ್ಲವೆಂಬುದು ಇಲ್ಲಿಯ ಮರ್ಮ. ಆತ್ಮಹತ್ಯೆಯಾಗುವುದಿಲ್ಲವೇ ಎಂಬ ಆಕ್ಷೇಪಕ್ಕೆ ಅವರು ಅಂದೇ ಕೊಟ್ಟ ಸಮಾಧಾನವಿದು.

ಆದರೆ ನಿಷ್ಪ್ರತೀಕಾರವೆಂದು ನಿರ್ಣಯಿಸುವವರು ಯಾರು? ರೋಗಿಯೇ? ವೈದ್ಯನೇ? ಗುರುವೇ? ಇದಕ್ಕೆ ಉತ್ತರವು ಸಮಂತಭದ್ರರದೇ ಎಂದು ಹೇಳುವ ಒಂದು ಕಥೆಯಲ್ಲಿದೆ. ಮಣುವಕಹಳ್ಳಿಯಲ್ಲಿದ್ದಾಗ ಅವರಿಗೆ ಭಸ್ಮಕವೆಂಬ ರೋಗ ಹತ್ತಿತಂತೆ. ಎಷ್ಟು ತಿಂದರೂ ಹಸಿವು ಹಿಂಗದ ರೋಗವದು. ಭಿಕ್ಷಾನ್ನದಿಂದ ಬದುಕುವ ಮುನಿಗೆ ಇದಕ್ಕಿಂತ ಕ್ರೂರವಾದ ವ್ಯಾಧಿಯನ್ನು ಊಹಿಸಲಾಗದು. ಅವರು ಗುರುಗಳ ಬಳಿಗೆ ಹೋಗಿ ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು. ಗುರುಗಳು ಕೊಡಲಿಲ್ಲ. ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕೆಲಸ ಬಹಳವಿದೆ, ಮುನಿವೇಷವನ್ನು ಸದ್ಯಕ್ಕೆ ಬಿಟ್ಟು ಹೊಟ್ಟೆ ತುಂಬ ತಿಂದು ರೋಗವನ್ನು ಕಳೆದುಕೊ, ಅನಂತರ ಮತ್ತೆ ದೀಕ್ಷೆಯನ್ನು ತೆಗೆದುಕೊ ಎಂದರು. ಸಮಂತಭದ್ರರು ಕಂಚಿಗೆ ಹೋಗಿ ಶಿವಾಲಯದ ನೈವೇದ್ಯವನ್ನು ಉಂಡು ಗುಣ ಹೊಂದಿದರೆಂದು ದೇವಚಂದ್ರನು ೧೮೩೮ರಲ್ಲಿ ಮುಗಿಸಿದ ರಾಜಾವಳೀಕಥೆಯಲ್ಲಿ ಹೇಳುತ್ತಾನೆ. ಕಥೆ ಅವನ ಕಾಲಕ್ಕೆ ಹೊಸದಲ್ಲ. ಶ್ರವಣಬೆಳ್ಗೊಳದ ಚಿಕ್ಕಬೆಟ್ಟದಲ್ಲಿ ಶಕ ೧೦೫೦ರ, ಎಂದರೆ ಕ್ರಿ. ಶ. ೧೧೨೯ರ, ಮಲ್ಲಿಷೇಣಪ್ರಶಸ್ತಿಯು ಸಮಂತಭದ್ರರನ್ನು ಭಸ್ಮಕವನ್ನು ಗೆದ್ದವರೆಂದೇ ಸ್ತುತಿಸುತ್ತದೆ. ಆ ಪ್ರಶಸ್ತಿಯೂ ಸಲ್ಲೇಖನದಿಂದ ದೇಹ ಬಿಟ್ಟ ಮುನಿಯೊಬ್ಬರ ಸ್ಮಾರಕವೇ ಆಗಿದೆ.

ಈ ಕಥೆಯ ಐತಿಹಾಸಿಕತೆಯನ್ನು ನಾನು ಒತ್ತಿ ಹೇಳುವುದಿಲ್ಲ. ಸಮಂತಭದ್ರರ ಕಾಲವೇ ವಿವಾದಗ್ರಸ್ತವಾಗಿದೆ. ಆದರೆ ಸಲ್ಲೇಖನದ ಲಕ್ಷಣವನ್ನು ಬರೆದ ಆಚಾರ್ಯನಿಗೇ ಸಲ್ಲೇಖನದ ಅಪ್ಪಣೆ ಸಿಗಲಿಲ್ಲವೆಂಬ ಕಥೆಯನ್ನು ಕಟ್ಟಿಕೊಂಡು ಶತಮಾನಗಳ ಕಾಲ ಕಾಪಾಡಿದ ಸಮಾಜವು ಆ ಪದವನ್ನು ಹಗುರವಾಗಿ ಬಳಸುತ್ತಿರಲಿಲ್ಲವೆಂದು ಧಾರಾಳವಾಗಿ ಹೇಳಬಹುದು. ಬೇಕೆಂದವರಿಗೆಲ್ಲ ಸಾವು ದೊರೆಯುತ್ತಿರಲಿಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ಸಲ್ಲೇಖನದ ಅತಿಚಾರಗಳನ್ನು, ಎಂದರೆ ದೋಷಗಳನ್ನು, ಎಣಿಸುವಾಗ ಇನ್ನೂ ಬದುಕಬೇಕೆಂಬ ಆಸೆಯನ್ನು ಶಾಸ್ತ್ರಕಾರರು ಸೇರಿಸಿದರು. ಅದರ ಪಕ್ಕದಲ್ಲಿಯೇ ಬೇಗ ಸಾಯಬೇಕೆಂಬ ಆಸೆಯನ್ನೂ ಸೇರಿಸಿದರು. ಸಾವನ್ನು ಬಯಸಿದವನು ವ್ರತಭ್ರಷ್ಟ!

ಶಾಸ್ತ್ರ ಹೀಗಿದ್ದರೂ ಶಿಲೆಗಳು ಯಾವಾಗಲೂ ಶಾಸ್ತ್ರವನ್ನು ಅನುಸರಿಸುವುದಿಲ್ಲ. ಶ್ರವಣಬೆಳ್ಗೊಳದ ಶಾಸನಗಳನ್ನು ರೈಸ್ ಅವರು ೧೮೮೯ರಲ್ಲಿ ಪ್ರಕಟಿಸಿದಾಗ ಅವು ೧೪೪. ನರಸಿಂಹಾಚಾರ್ಯರ ೧೯೨೩ರ ಆವೃತ್ತಿಯಲ್ಲಿ ೫೦೦. ೧೯೭೩ರ ಆವೃತ್ತಿಯಲ್ಲಿ ೫೭೩. ಚಿಕ್ಕಬೆಟ್ಟದ ಹಳೆಯ ಶಾಸನಗಳಲ್ಲಿ ಬಹುಭಾಗ ನಿಸಿದಿಗೆಗಳು. ದಕ್ಷಿಣ ಮಧುರೆಯಿಂದ ಬಂದು ಬೆಟ್ಟದ ಮೇಲೆ ಹಾವು ಕಚ್ಚಿಸಿಕೊಂಡ ಮುನಿಯೊಬ್ಬನು ಅಲ್ಲಿದ್ದಾನೆ. ಗಂಗರಾಜ್ಯವನ್ನು ಬಿಟ್ಟುಕೊಟ್ಟು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ನೋಂತು ಮುಡಿಪಿದ ಮಾರಸಿಂಹನ ವೃತ್ತಾಂತ ಕೂಗೆ ಬ್ರಹ್ಮದೇವರ ಕಂಬದ ಮೇಲಿದೆ. ವಿಷ್ಣುವರ್ಧನನ ರಾಣಿ ಶಾಂತಲೆಯು ೧೧೩೧ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಾಗ ಅವಳ ತಾಯಿ ಮಾಚಿಕಬ್ಬೆಯು, ಮಗಳು ಹೋದ ಮೇಲೆ ತಾನು ಉಳಿಯಲಾರೆನೆಂದು ಬೆಳ್ಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟಳು. ಸಮಂತಭದ್ರರ ನಾಲ್ಕು ಕಾರಣಗಳಲ್ಲಿ ಮಗಳ ಸಾವು ಎಲ್ಲಿಯೂ ಇಲ್ಲ. ಆದರೂ ಗುರುಗಳ ಸನ್ನಿಧಿಯಲ್ಲಿ ವ್ರತ ನಡೆಯಿತು, ಶಾಸನವೂ ನಿಂತಿತು. ಪ್ರತೀಕಾರವಿಲ್ಲದ ರೋಗಗಳಲ್ಲಿ ತಾಯಿಯ ದುಃಖವನ್ನೂ ಅಂದಿನವರು ಎಣಿಸಿದರೋ, ಅಥವಾ ರಾಣಿಯ ತಾಯಿಗೆ ಇಲ್ಲವೆನ್ನಲು ಯಾರಿಗೂ ಬಾಯಿ ಬರಲಿಲ್ಲವೋ! ನನಗಂತೂ ಆ ಶಾಸನವನ್ನು ಓದುವಾಗಲೆಲ್ಲ ವ್ರತಕ್ಕಿಂತ ದುಃಖವೇ ಎದ್ದು ಕಾಣುತ್ತದೆ. ಮತ್ತೊಂದು ಸಂಗತಿಯನ್ನೂ ಮರೆಯಬಾರದು. ಈ ಕಲ್ಲುಗಳನ್ನು ಹಾಕಿಸಿದವರೆಲ್ಲ ಉಳಿದವರು. ನಡುವೆ ಹಸಿವು ತಾಳದೆ ಅನ್ನ ಬೇಡಿದವರಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

ನಮ್ಮ ಕಾಲಕ್ಕೆ ಸಮೀಪದ ನಿದರ್ಶನ ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರದು. ೧೮೭೨ರಲ್ಲಿ ಜನಿಸಿದ ಅವರು ೧೯೫೫ರ ಸೆಪ್ಟೆಂಬರ ೧೮ರಂದು ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ, ಐದು ವಾರಗಳ ಸಲ್ಲೇಖನದ ಕೊನೆಯಲ್ಲಿ, ದೇಹವಿಟ್ಟರು. ಕಣ್ಣು ಮಂದವಾಗಿ, ಕಾಲಡಿಯ ಜೀವಗಳನ್ನು ಕಂಡು ನಡೆಯುವುದು ಅಸಾಧ್ಯವಾದುದೇ ಅವರ ನಿರ್ಣಯಕ್ಕೆ ಕಾರಣ. ಕಣ್ಣು ಹೋದುದು ವೈದ್ಯನ ದೃಷ್ಟಿಯಲ್ಲಿ ಮಾರಣಾಂತಿಕವಲ್ಲ; ಅಹಿಂಸೆಯ ವ್ರತ ತೊಟ್ಟವರ ದೃಷ್ಟಿಯಲ್ಲಿ ಮನೆಗೆ ಬೆಂಕಿ ಬಿದ್ದಂತೆಯೇ.

ಅನಂತರ ಪ್ರಶ್ನೆಯು ನ್ಯಾಯಾಲಯದ ಮೆಟ್ಟಿಲನ್ನೇರಿತು. ೨೦೧೫ರ ಆಗಸ್ಟ್ ೧೦ರಂದು ರಾಜಸ್ಥಾನದ ಉಚ್ಚನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಯ ಯತ್ನವೆಂದು ಪರಿಗಣಿಸಬೇಕೆಂದಿತು. ಅದೇ ತಿಂಗಳ ೩೧ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ಇದಕ್ಕೆ ನಾಲ್ಕು ವರ್ಷಗಳ ಹಿಂದೆ ಅದೇ ಸರ್ವೋಚ್ಚ ನ್ಯಾಯಾಲಯದ ಮುಂದೆ ಅರುಣಾ ಶಾನಭಾಗರ ಪ್ರಕರಣ ಬಂದಿತ್ತು. ಉತ್ತರ ಕನ್ನಡದ ಹಳದೀಪುರದವರಾದ ಈ ದಾದಿ ಮುಂಬಯಿಯ ಆಸ್ಪತ್ರೆಯಲ್ಲಿ ೧೯೭೩ರ ನವೆಂಬರದಲ್ಲಿ ನಡೆದ ಕ್ರೂರ ಹಲ್ಲೆಯಿಂದ ಪ್ರಜ್ಞೆ ಕಳೆದುಕೊಂಡು, ಅಲ್ಲಿಯೇ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಮಲಗಿದ್ದರು. ಅವರಿಗೆ ಸಾವನ್ನು ಅನುಗ್ರಹಿಸಬೇಕೆಂದು ಒಬ್ಬ ಲೇಖಕಿ ಬೇಡಿದರು. ಬೇಡವೆಂದವರು ಅವರನ್ನು ಹೊರಳಿಸಿ, ತೊಳೆದು, ಉಣಿಸಿದ ಅದೇ ಆಸ್ಪತ್ರೆಯ ದಾದಿಯರು. ೨೦೧೧ರ ಮಾರ್ಚ್ ೭ರಂದು ನ್ಯಾಯಾಲಯವು ಆ ಬೇಡಿಕೆಯನ್ನು ತಳ್ಳಿಹಾಕಿತಾದರೂ, ಗುಣವಾಗದ ರೋಗಿಯ ಚಿಕಿತ್ಸೆಯನ್ನು ನಿಲ್ಲಿಸುವುದಕ್ಕೆ ಕಟ್ಟುಪಾಡುಗಳೊಂದಿಗೆ ದಾರಿ ತೆರೆಯಿತು. ೨೦೧೫ರ ಮೇ ೧೮ರಂದು ಅರುಣಾ ತೀರಿಕೊಂಡರು. ೨೦೧೮ರ ಮಾರ್ಚ್ ೯ರ ತೀರ್ಪು ಮರ್ಯಾದೆಯಿಂದ ಸಾಯುವುದೂ ಬದುಕುವ ಹಕ್ಕಿನಲ್ಲಿಯೇ ಸೇರಿದೆಯೆಂದು ಸಾರಿ, ಸ್ವಸ್ಥವಿರುವಾಗಲೇ ಮುಂದಿನ ಚಿಕಿತ್ಸೆಯ ವಿಷಯದಲ್ಲಿ ತನ್ನ ಇಚ್ಛೆಯನ್ನು ಬರೆದಿಡುವ ಅವಕಾಶ ಕೊಟ್ಟಿತು. ೨೦೨೩ರಲ್ಲಿ ಅದರ ವಿಧಾನವನ್ನು ಸರಳಗೊಳಿಸಲಾಯಿತು. ನಿಷ್ಪ್ರತೀಕಾರವೆಂದು ಹೇಳುವ ಹೊಣೆ ಈಗ ವೈದ್ಯರ ಮಂಡಲಿಗಳ ಮೇಲೆ ಬಿದ್ದಿದೆ. ಆ ದಾದಿಯರ ಸುದ್ದಿಯನ್ನು ಓದಿದಾಗ ನನಗೆ ನೆನಪಾದುದು ಮಾತ್ರ ಭಗವತೀ ಆರಾಧನೆಯ ನಲವತ್ತೆಂಟು ಮಂದಿ.

ಇನ್ನು ಆ ಹುಡುಗನ ಪ್ರಶ್ನೆ. ಚರಕನ ಕಡೆಗೆ ನಿಂತರೆ ಹೇಳಬಾರದು. ಜೈನಪರಂಪರೆಯ ಕಡೆಗೆ ನಿಂತರೆ ಹೇಳಲೇಬೇಕು, ತಿಳಿಯದೆ ಸಿದ್ಧತೆಯಿಲ್ಲ. ಹತ್ತಿರವಾದ ಸಾವನ್ನು ತಿಳಿದು ಸಲ್ಲೇಖನಕ್ಕೆ ಅಣಿಯಾಗಲೆಂದೇ ದುರ್ಗದೇವನು ೧೦೩೨ರಲ್ಲಿ ರಿಷ್ಟಸಮುಚ್ಚಯವೆಂಬ ಗ್ರಂಥವನ್ನು ಬರೆದನು. ಅದೇ ಅರಿಷ್ಟಗಳು, ಒಬ್ಬನಿಗೆ ಮುಚ್ಚಿಡಬೇಕಾದ ಗುಟ್ಟು, ಇನ್ನೊಬ್ಬನಿಗೆ ತಿಳಿಸಬೇಕಾದ ಸುದ್ದಿ. ಚರಕನ ನಿಯಮವನ್ನು ಮತ್ತೆ ಓದಿದಾಗ, ಹೇಳಿದರೆ ಆಘಾತವಾಗುವ ಕಡೆ ಹೇಳಬಾರದು ಎಂದಷ್ಟೇ ಅಲ್ಲಿದೆ; ಎಲ್ಲಿಯೂ ಹೇಳಬಾರದೆಂದು ಇಲ್ಲ. ದಿನವೂ ಕೇಳುತ್ತಿದ್ದ ಆ ಮುದುಕಿಗೆ ಆಘಾತವಾಗುತ್ತಿದ್ದುದು ಸುದ್ದಿಯಿಂದಲೋ, ಮನೆಮಂದಿಯ ಮೌನದಿಂದಲೋ?

ಮರುದಿನ ತಂದೆ ಬಂದರು. ರೈತರು, ಹೆಚ್ಚು ಮಾತಿನವರಲ್ಲ. ನಾನು ಓದಿದುದನ್ನೆಲ್ಲ ಅವರಿಗೆ ಹೇಳಲಿಲ್ಲ, ನಿಮ್ಮ ತಾಯಿಯವರು ಮಗುವನ್ನು ಕೇಳುತ್ತಿದ್ದಾರೆ, ಆ ಭಾರವನ್ನು ಅವನ ಮೇಲೆ ಬಿಡಬೇಡಿ ಎಂದಷ್ಟೇ ಹೇಳಿದೆನು. ಬಹಳ ಹೊತ್ತು ಸುಮ್ಮನಿದ್ದು, "ಆಕಿಗೆ ಗೊತ್ತೈತ್ರಿ. ನಮ್ಮ ಬಾಯಿಂದ ಕೇಳಬೇಕಂತ ಕಾಯಾಕತ್ಯಾಳ," ಎಂದರು. ಅಂದು ಸಂಜೆ ಅವರೇ ಹೇಳಿದರಂತೆ. ಮುದುಕಿ ಅಳಲಿಲ್ಲವೆಂದೂ, ಗಡಿಯಾಚೆ ಇಂಡಿಯ ಹತ್ತಿರದ ಹಳ್ಳಿಗೆ ಕೊಟ್ಟ ಮಗಳನ್ನು ಕರೆಸಿರೆಂದೂ, ಕಿರಾಣಿ ಅಂಗಡಿಯ ಉದ್ದರಿಯನ್ನು ತೀರಿಸಿರೆಂದೂ ಹೇಳಿದಳೆಂದು ಹುಡುಗನು ಸೋಮವಾರ ಬಂದು ತಿಳಿಸಿದನು. ರಾತ್ರಿ ಆಯಿಯ ಹತ್ತಿರ ಇಬ್ಬಿಬ್ಬರು ಪಾಳಿಯಿಂದ ಕೂಡುತ್ತಾರಂತೆ. ಒಂಬತ್ತರಿಂದ ಹನ್ನೊಂದರವರೆಗೆ ಅವನದೂ ಅವನ ಅಕ್ಕನದೂ ಪಾಳಿ. ಆಗ ಹೇಳಲು ಕಥೆಯ ಪುಸ್ತಕ ಬೇಕೆಂದು ಕೇಳಿ, ಗ್ರಂಥಾಲಯದ ಕಪಾಟಿನಿಂದ ಎರಡನ್ನು ತೆಗೆದುಕೊಂಡು ಹೋದನು.